ಅಡಿಕೆ ದರದ ಪುಟಕ್ಕೆ ಯಾವ ದಾರಿ? ಸೆಟ್‌ಇಂಟರ್ವಲ್, ಅವೇಟ್ ಸುತ್ತು, ಎಸ್‌ಎಸ್‌ಇ, ವೆಬ್‌ಸಾಕೆಟ್: ಒಂದು ಹೋಲಿಕೆ

ಮಲೆನಾಡಿನ ಒಂದು ಸಹಕಾರ ಸಂಘದ ಅಡಿಕೆ ದರ ತೋರಿಸುವ ವೆಬ್ ಪುಟವನ್ನು ಕೆಲವು ವರ್ಷಗಳಿಂದ ನಾನು ನೋಡಿಕೊಳ್ಳುತ್ತಿದ್ದೇನೆ. ಟೆಂಡರ್ ಇರುವ ದಿನ ಬೆಳಿಗ್ಗೆ 11ರಿಂದ ಮಧ್ಯಾಹ್ನ 3ರವರೆಗೆ ರಾಶಿ, ಬೆಟ್ಟೆ, ಚಾಲಿ, ಬಿಳೆಗೋಟು, ಕೆಂಪುಗೋಟು ಎಂಬ ಅಡಿಕೆ ಬಗೆಗಳ ದರವನ್ನು ಲಾಟು ಮುಗಿದಂತೆಲ್ಲ ಗುಮಾಸ್ತರು ಕಂಪ್ಯೂಟರಿಗೆ ಏರಿಸುತ್ತಾರೆ. ಆ ದರ ಎರಡು ಕಡೆ ಕಾಣಿಸಬೇಕು: ಸಂಘದ ಪಡಸಾಲೆಯ ಗೋಡೆಗೆ ಹಾಕಿರುವ ಟಿವಿಯಲ್ಲಿ ಮತ್ತು ತೋಟದಲ್ಲೋ ಬಸ್ಸಿನಲ್ಲೋ ಇರುವ ಸದಸ್ಯರ ಮೊಬೈಲಿನಲ್ಲಿ. ಯಾರೂ ಪುಟವನ್ನು ಮತ್ತೆ ತೆರೆಯದೆ, ಹೊಸ ದರ ಬಂದ ಸ್ವಲ್ಪ ಹೊತ್ತಿನಲ್ಲೇ ಪರದೆಯ ಮೇಲಿನ ಅಂಕಿ ತಾನಾಗಿ ಬದಲಾಗಬೇಕು ಎನ್ನುವುದಷ್ಟೇ ಬೇಡಿಕೆ.

ಇಷ್ಟು ಚಿಕ್ಕ ಬೇಡಿಕೆಯನ್ನು ಪೂರೈಸಲು ಅರ್ಧ ಡಜನ್ ದಾರಿಗಳಿವೆ. ಒಂದು ಹಂಗಾಮಿನುದ್ದಕ್ಕೂ ಒಂದೊಂದನ್ನೂ ಕೆಲವು ಟೆಂಡರ್ ದಿನಗಳ ಮಟ್ಟಿಗೆ ನಿಜವಾದ ಪುಟದಲ್ಲೇ ಓಡಿಸಿ ನೋಡಿದೆ. ಇದಕ್ಕೆ ಕಾರಣ ಸದಸ್ಯರೊಬ್ಬರ ದೂರವಾಣಿ ಕರೆ. ರಾಶಿಯ ದರ ತಮ್ಮ ಕಣ್ಣೆದುರೇ ಕ್ವಿಂಟಾಲಿಗೆ 300 ರೂಪಾಯಿ ಏರಿ, ಮರುಕ್ಷಣ ಅಷ್ಟೇ ಇಳಿದು, ಮತ್ತೆ ಏರಿತು, ಇದೇನು ಆಟ ಎಂದು ಅವರು ಕೇಳಿದರು. ಸಂಘದಲ್ಲಿ ಯಾರೂ ದರವನ್ನು ತಿದ್ದಿರಲಿಲ್ಲ. ಆಟವಾಡಿದ್ದು ನನ್ನ ಕೋಡ್.

ಆಗ ಪುಟದಲ್ಲಿದ್ದದ್ದು ಅತ್ಯಂತ ಪರಿಚಿತ ವಿಧಾನ: ಜಾವಾಸ್ಕ್ರಿಪ್ಟಿನ ಗಡಿಯಾರವಾದ ಸೆಟ್‌ಇಂಟರ್ವಲ್ ಮೂಲಕ 5 ಸೆಕೆಂಡಿಗೊಮ್ಮೆ ಒಂದು ಅಸಿಂಕ್ (ನಡುವೆ ನಿಂತು ಕಾಯಬಲ್ಲ) ಫಂಕ್ಷನ್ ಕರೆಯುವುದು, ಅದರೊಳಗೆ ಫೆಚ್ ಮಾಡಿ, ಅಂದರೆ ಸರ್ವರಿಗೆ ಕೋರಿಕೆ ಕಳಿಸಿ, ಉತ್ತರಕ್ಕಾಗಿ ಅವೇಟ್ ಮಾಡುವುದು (ಕಾಯುವುದು), ಬಂದ ಜೇಸನ್ (ಯಂತ್ರ ಓದುವ ಪಠ್ಯರೂಪ) ಪಟ್ಟಿಯನ್ನು ಕೋಷ್ಟಕಕ್ಕೆ ತುಂಬುವುದು. ಅದಕ್ಕೂ ಮೊದಲು, ನಾನು ಕೆಲಸ ವಹಿಸಿಕೊಂಡಾಗ, ಪುಟದ ತಲೆಯಲ್ಲಿ ಮೆಟಾ ರಿಫ್ರೆಶ್ ಇತ್ತು. ನಿಮಿಷಕ್ಕೊಮ್ಮೆ ಇಡೀ ಪುಟವೇ ಬಿಳಿಚಿಕೊಂಡು ಮತ್ತೆ ತೆರೆದುಕೊಳ್ಳುತ್ತಿತ್ತು, ಓದುತ್ತಿದ್ದವರು ಕೋಷ್ಟಕದ ತಳದಿಂದ ತಲೆಗೆ ಎಸೆಯಲ್ಪಡುತ್ತಿದ್ದರು, ಸಿಗ್ನಲ್ ಇಲ್ಲದ ಕ್ಷಣದಲ್ಲಿ ರಿಫ್ರೆಶ್ ಆದರೆ ಇದ್ದ ದರವೂ ಹೋಗಿ ಬ್ರೌಸರಿನ ದೋಷದ ಪುಟ ಕೂರುತ್ತಿತ್ತು. ಅದನ್ನು ಈ ಹೋಲಿಕೆಗೆ ಸೇರಿಸುವ ಅಗತ್ಯವಿಲ್ಲ. ಪುಟವನ್ನು ಕದಲಿಸದೆ ಹಿನ್ನೆಲೆಯಲ್ಲಿ ಮಾಹಿತಿ ತರುವ ಎಕ್ಸ್‌ಎಂಎಲ್‌ಎಚ್‌ಟಿಟಿಪಿ‌ರಿಕ್ವೆಸ್ಟ್ 1999ರಲ್ಲೇ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರೊಂದಿಗೆ ಬಂದಿತ್ತು. ಫೆಚ್ 2015ರಲ್ಲಿ ಕ್ರೋಮ್ ಮತ್ತು ಫೈರ್‌ಫಾಕ್ಸ್‌ಗಳಿಗೆ ಬಂತು. ಅಸಿಂಕ್ ಮತ್ತು ಅವೇಟ್ 2017ರ ಎಕ್ಮಾಸ್ಕ್ರಿಪ್ಟ್ (ಜಾವಾಸ್ಕ್ರಿಪ್ಟಿನ ಅಧಿಕೃತ ನಿಯಮಾವಳಿ) ಆವೃತ್ತಿಯಲ್ಲಿ ಭಾಷೆಯ ಭಾಗವಾದವು. ಅಂದರೆ ನನ್ನ ಸೆಟ್‌ಇಂಟರ್ವಲ್ ಕೋಡ್ ಹಳೆಯ ವಿಧಾನಕ್ಕೆ ಹೊಸ ಅಂಗಿ ತೊಡಿಸಿದಂತಿತ್ತು, ಒಳಗಿನ ತೊಡಕನ್ನು ಆ ಅಂಗಿ ಚೆನ್ನಾಗಿ ಮುಚ್ಚಿತ್ತು.

ತೊಡಕು ಇಷ್ಟೇ. ಸೆಟ್‌ಇಂಟರ್ವಲ್‌ಗೆ ಅವೇಟ್ ಎಂದರೇನೆಂದು ಗೊತ್ತಿಲ್ಲ. ತಾನು ಕರೆದ ಫಂಕ್ಷನ್ ಒಂದು ಪ್ರಾಮಿಸ್ (ಉತ್ತರವನ್ನು ಆಮೇಲೆ ಕೊಡುವೆನೆಂಬ ಮಾತು) ಮರಳಿಸಿದೆ, ಅದು ಇನ್ನೂ ಈಡೇರಿಲ್ಲ ಎನ್ನುವುದನ್ನು ಅದು ನೋಡುವುದೇ ಇಲ್ಲ. 5 ಸೆಕೆಂಡ್ ಆಯಿತೆಂದರೆ ಮುಂದಿನ ಕರೆ ಹೊರಟಿತು. ಊರಿನ ವೈರ್ ಸಂಪರ್ಕದಲ್ಲಿ ಉತ್ತರ ಕಣ್ಣು ಮಿಟುಕಿಸುವಷ್ಟರಲ್ಲಿ ಬರುವುದರಿಂದ ಇದು ಗಮನಕ್ಕೇ ಬರುವುದಿಲ್ಲ. ಸಿಗ್ನಲ್ ಒಂದು ಕಡ್ಡಿ ಇರುವ ತೋಟದಲ್ಲಿ ನಾನೇ ಮೊಬೈಲನ್ನು ಲ್ಯಾಪ್‌ಟಾಪಿಗೆ ಜೋಡಿಸಿ, ಕ್ರೋಮ್‌ನ ನೆಟ್‌ವರ್ಕ್ ಫಲಕ ತೆರೆದಿಟ್ಟುಕೊಂಡು ಕುಳಿತಾಗ ಸಂಗತಿ ಕಾಣಿಸಿತು. 11:42:05ಕ್ಕೆ ಹೊರಟ ಕೋರಿಕೆಗೆ ಸರ್ವರ್ ಹಳೆಯ ದರದೊಂದಿಗೆ ಉತ್ತರಿಸಿತು, ಆದರೆ ಆ ಉತ್ತರ ದಾರಿಯಲ್ಲೇ ಸಿಕ್ಕಿಕೊಂಡಿತು. ಅಷ್ಟರಲ್ಲಿ ಗುಮಾಸ್ತರು ಹೊಸ ದರ ಏರಿಸಿದರು. 11:42:10ರ ಕೋರಿಕೆ ಬೇರೆ ಸಂಪರ್ಕದಲ್ಲಿ ಹೋಗಿ, ಹೊಸ ದರ ಹೊತ್ತು, ಒಂದೇ ಸೆಕೆಂಡಿನಲ್ಲಿ ಮರಳಿತು. ಸಿಕ್ಕಿಕೊಂಡಿದ್ದ ಮೊದಲನೆಯ ಉತ್ತರ 11:42:14ಕ್ಕೆ ಬಂದು ಹೊಸ ಅಂಕಿಯ ಮೇಲೆ ಹಳೆಯ ಅಂಕಿಯನ್ನು ಬರೆಯಿತು. ಮುಂದಿನ ಕೋರಿಕೆಯ ಉತ್ತರ ಬಂದ ಮೇಲೆ ದರ ಮತ್ತೆ ಏರಿತು. ಸದಸ್ಯರು ಕಂಡದ್ದು ಅಕ್ಷರಶಃ ಇದನ್ನೇ.

ಒಂದೇ ವಿಳಾಸಕ್ಕೆ ಹೋದ ಎರಡು ಕೋರಿಕೆಗಳು ಹೀಗೆ ಹಿಂದುಮುಂದಾಗುವುದಕ್ಕೆ ನನ್ನ ಎರಡು ನಿರ್ಧಾರಗಳೂ ಕೈಜೋಡಿಸಿದ್ದವು. ಆಗ ಸರ್ವರ್, ಬ್ರೌಸರಿನೊಂದಿಗೆ ಮಾತಾಡುವ ನಿಯಮದ ಹಳೆಯ ಆವೃತ್ತಿಯಾದ ಎಚ್‌ಟಿಟಿಪಿ 1.1ರಲ್ಲೇ ಇತ್ತು, ಅದರಲ್ಲಿ ಏಕಕಾಲದ ಕೋರಿಕೆಗಳು ಬೇರೆ ಬೇರೆ ಟಿಸಿಪಿ ಸಂಪರ್ಕಗಳಲ್ಲಿ ಹೋಗುತ್ತವೆ, ಒಂದರಲ್ಲಿ ಪ್ಯಾಕೆಟ್ ಕಳೆದರೆ ಇನ್ನೊಂದು ಕಾಯುವುದಿಲ್ಲ. ಜೊತೆಗೆ, ಬ್ರೌಸರ್ ಕ್ಯಾಶಿನಿಂದ (ತಾನು ಉಳಿಸಿಟ್ಟುಕೊಂಡ ಪ್ರತಿಗಳಿಂದ) ಹಳೆಯ ಉತ್ತರ ಕೊಟ್ಟೀತೆಂಬ ಭಯದಿಂದ ವಿಳಾಸದ ಬಾಲಕ್ಕೆ ಪ್ರತಿಸಲವೂ ಸಮಯದ ಅಂಕಿಯೊಂದನ್ನು ಅಂಟಿಸುತ್ತಿದ್ದೆ, ಇದರಿಂದ ಪ್ರತಿಯೊಂದು ಕೋರಿಕೆಯೂ ಬ್ರೌಸರಿನ ಲೆಕ್ಕದಲ್ಲಿ ಹೊಚ್ಚ ಹೊಸ ವಿಳಾಸವಾಗಿ, ಹಿಂದಿನದಕ್ಕಾಗಿ ಕಾಯದೆ ಹೊರಡುತ್ತಿತ್ತು. ಈ ಬಾಲ ಅಂಟಿಸುವ ಚಾಳಿ ನಮ್ಮಲ್ಲಿ ಬಹಳ ಮಂದಿಗೆ ಇದೆ. ಅದು ಕ್ಯಾಶನ್ನು ತಪ್ಪಿಸುವುದಿಲ್ಲ, ಕ್ಯಾಶನ್ನು ಎಂದೂ ಬಳಸದ ಕಸದಿಂದ ತುಂಬಿಸುತ್ತದೆ.

ಲೆಕ್ಕವನ್ನೂ ಒಮ್ಮೆ ನೋಡಬೇಕು. ನಾಲ್ಕು ಗಂಟೆಯೆಂದರೆ 14,400 ಸೆಕೆಂಡ್. 5 ಸೆಕೆಂಡಿಗೊಮ್ಮೆ ಎಂದರೆ ಒಂದು ಮೊಬೈಲಿನಿಂದ 2,880 ಕೋರಿಕೆ. ಅಷ್ಟು ಹೊತ್ತಿನಲ್ಲಿ ದರ ಬದಲಾಗುವುದು ಸುಮಾರು 60 ಸಲ. ಉಳಿದ 2,820 ಸಲವೂ ನಾಲ್ಕು ಕಿಲೋಬೈಟಿನ ಅದೇ ಪಟ್ಟಿ ಬಂದು ಹೋಗುತ್ತಿತ್ತು. 150 ಮೊಬೈಲುಗಳಲ್ಲಿ ಪುಟ ತೆರೆದಿದ್ದರೆ ಸೆಕೆಂಡಿಗೆ 30 ಕೋರಿಕೆ. ಬಾಡಿಗೆಯ ಪುಟ್ಟ ಸರ್ವರಿಗೂ ಇದು ಹೊರಲಾಗದ ಭಾರವೇನಲ್ಲ ಎನ್ನುವುದನ್ನು ಒಪ್ಪುತ್ತೇನೆ, ಆದರೆ ಸದಸ್ಯರ ಡೇಟಾ ಮತ್ತು ಬ್ಯಾಟರಿ ಅವರ ದುಡ್ಡು.

ಎರಡನೆಯ ಪ್ರಯೋಗವಾಗಿ ಸೆಟ್‌ಇಂಟರ್ವಲ್ ಕಿತ್ತುಹಾಕಿ, ಅವೇಟ್ ಸುತ್ತು ಬರೆದೆ. ಒಂದು ಅಸಿಂಕ್ ಫಂಕ್ಷನ್. ಅದರೊಳಗೆ ಕೊನೆಯಿಲ್ಲದ ವೈಲ್ ಸುತ್ತು. ಸುತ್ತಿನಲ್ಲಿ ಮೊದಲು ಫೆಚ್‌ಗೆ ಅವೇಟ್, ಬಳಿಕ ಕೋಷ್ಟಕ ತುಂಬುವುದು, ಬಳಿಕ ಸೆಟ್‌ಟೈಮ್‌ಔಟ್ ಅನ್ನು ಪ್ರಾಮಿಸ್‌ನಲ್ಲಿ ಸುತ್ತಿ ಮಾಡಿದ ನಿದ್ದೆಗೆ ಅವೇಟ್. ಉತ್ತರ ಬರುವವರೆಗೆ ಮುಂದಿನ ಕೋರಿಕೆ ಹುಟ್ಟುವುದೇ ಇಲ್ಲವಾದ್ದರಿಂದ ಹಿಂದುಮುಂದಾಗುವ ಪ್ರಶ್ನೆಯೇ ಇಲ್ಲ. ಸಂಪರ್ಕ ನಿಧಾನವಾದಷ್ಟೂ ಕೋರಿಕೆಗಳು ತಾವಾಗಿ ವಿರಳವಾಗುತ್ತವೆ, ಇದು ನಾನು ಕೇಳದೆಯೇ ಸಿಕ್ಕಿದ ಲಾಭ.

ಆದರೆ ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ. ಸೆಟ್‌ಇಂಟರ್ವಲ್ ಮೊದ್ದು, ಆದರೆ ಸಾಯುವುದಿಲ್ಲ. ಒಂದು ಕರೆ ಕೆಟ್ಟರೂ ಮುಂದಿನದು ಹೊರಡುತ್ತದೆ. ಅವೇಟ್ ಸುತ್ತಿನಲ್ಲಿ ಹಿಡಿಯದೆ ಬಿಟ್ಟ ಒಂದೇ ಒಂದು ದೋಷ ಸುತ್ತನ್ನು ಶಾಶ್ವತವಾಗಿ ನಿಲ್ಲಿಸುತ್ತದೆ. ಮೊದಲ ದಿನವೇ ನನಗೆ ಹಾಗಾಯಿತು. ಸರ್ವರನ್ನು ಮರುಪ್ರಾರಂಭಿಸಿದ ಒಂದೆರಡು ಸೆಕೆಂಡಿನಲ್ಲಿ ಅದರ ಮುಂದೆ ನಿಂತು ಕೋರಿಕೆಗಳನ್ನು ದಾಟಿಸುವ ಪ್ರಾಕ್ಸಿಯಿಂದ 502 (ಹಿಂದಿನ ಸರ್ವರಿನಿಂದ ಸರಿಯಾದ ಉತ್ತರವಿಲ್ಲ) ಎಂಬ ಉತ್ತರ ಬಂತು. ಫೆಚ್ 404ಕ್ಕಾಗಲಿ 502ಕ್ಕಾಗಲಿ ದೋಷ ಎಸೆಯುವುದಿಲ್ಲ, ಅದರ ದೃಷ್ಟಿಯಲ್ಲಿ ಉತ್ತರವೊಂದು ಬಂದಿದೆ, ಅಷ್ಟೇ ಸಾಕು. ಉತ್ತರದ ಓಕೆ ಎಂಬ ಗುಣವನ್ನು ನಾವೇ ನೋಡಬೇಕು. ನಾನು ನೋಡಿರಲಿಲ್ಲ. ಆ ಎಚ್‌ಟಿಎಂಎಲ್ ದೋಷಪುಟವನ್ನು ಜೇಸನ್ ಎಂದು ಓದಹೊರಟ ಸಾಲು ಮುರಿದುಬಿತ್ತು, ಸುತ್ತು ಸತ್ತಿತು, ಟಿವಿಯಲ್ಲಿ ಮಧ್ಯಾಹ್ನವಿಡೀ ಹನ್ನೆರಡೂವರೆಯ ದರ ನಿಶ್ಚಿಂತೆಯಿಂದ ಕುಳಿತಿತ್ತು. ಯಾರಿಗೂ ಅನುಮಾನ ಬರಲಿಲ್ಲ, ಏಕೆಂದರೆ ಪುಟ ನೋಡಲು ಚೆನ್ನಾಗಿಯೇ ಇತ್ತು. ಹಳೆಯ ಮಾಹಿತಿ ಹೊಸದರ ವೇಷದಲ್ಲಿ ನಿಲ್ಲುವುದು ಖಾಲಿ ಪರದೆಗಿಂತ ಕೆಟ್ಟದ್ದು ಎನ್ನುವುದು ಆ ದಿನದಿಂದ ನನ್ನ ಅಳತೆಗೋಲಾಯಿತು. ಮುಂದಿನ ಪ್ರತಿಯೊಂದು ದಾರಿಯನ್ನೂ, ದರ ಎಷ್ಟು ಬೇಗ ಬಂತು ಎನ್ನುವುದರ ಜೊತೆಗೆ, ಬಾರದಿದ್ದಾಗ ಪುಟಕ್ಕೆ ಅದು ಎಷ್ಟು ಬೇಗ ತಿಳಿಯಿತು ಎಂದೂ ಅಳೆದೆ.

ಸುತ್ತನ್ನು ತಿದ್ದಿದ ರೀತಿ ಹೀಗಿದೆ. ಫೆಚ್ ಮತ್ತು ತುಂಬುವ ಕೆಲಸವನ್ನು ಟ್ರೈ ಒಳಗೆ, ದೋಷವನ್ನು ಕ್ಯಾಚ್‌ನಲ್ಲಿ, ನಿದ್ದೆಯನ್ನು ಎರಡರ ಹೊರಗೆ ಇಟ್ಟೆ. ಫೆಚ್‌ಗೆ ತನ್ನದೇ ಆದ ಗಡುವು ಇಲ್ಲ, ಸತ್ತ ಸಂಪರ್ಕದ ಮೇಲೆ ಅದು ಬಹಳ ಹೊತ್ತು ಕಾಯುತ್ತಾ ಕೂರಬಲ್ಲದು, ಆದ್ದರಿಂದ ಅಬಾರ್ಟ್‌ಕಂಟ್ರೋಲರ್ ಬಳಸಿ 8 ಸೆಕೆಂಡಿಗೆ ಕಡಿದುಹಾಕುವ ವ್ಯವಸ್ಥೆ ಮಾಡಿದೆ. ಅಬಾರ್ಟ್‌ಸಿಗ್ನಲ್‌ನಲ್ಲಿ ಈಗ ಟೈಮ್‌ಔಟ್ ಎಂಬ ಸಿದ್ಧ ಸೌಲಭ್ಯವಿದೆ, ಆದರೆ ಟಿವಿಗೆ ಜೋಡಿಸಿದ ಆಂಡ್ರಾಯ್ಡ್ ಪೆಟ್ಟಿಗೆಯ ಬ್ರೌಸರ್ ಹಳೆಯದು, ಅದಕ್ಕೆ ಇದು ತಿಳಿಯದು. ಕಂಟ್ರೋಲರ್ ಮತ್ತು ಸೆಟ್‌ಟೈಮ್‌ಔಟ್ ಜೋಡಿಯೇ ಎಲ್ಲೆಡೆ ನಡೆಯಿತು. ಸತತ ವಿಫಲವಾದರೆ ನಿದ್ದೆಯನ್ನು ಪ್ರತಿಸಲ ಇಮ್ಮಡಿಸಿ ಎರಡು ನಿಮಿಷಕ್ಕೆ ಮಿತಿಗೊಳಿಸಿದೆ, ಅದಕ್ಕೆ ಒಂದಿಷ್ಟು ಯಾದೃಚ್ಛಿಕ ಸೆಕೆಂಡುಗಳನ್ನೂ ಸೇರಿಸಿದೆ. ಇಲ್ಲವಾದರೆ ಸರ್ವರ್ ಎದ್ದ ಕ್ಷಣಕ್ಕೆ ಎಲ್ಲ ಮೊಬೈಲುಗಳೂ, ಊಟದ ಗಂಟೆ ಬಾರಿಸಿದಾಗ ಶಾಲೆಯ ಮಕ್ಕಳು ನುಗ್ಗುವಂತೆ, ಒಟ್ಟಿಗೇ ಮೇಲೆ ಬೀಳುತ್ತವೆ.

ಪುಟ ಕಣ್ಣಿಗೆ ಕಾಣದಿರುವಾಗ ಸುತ್ತನ್ನು ಓಡಿಸುವುದು ವ್ಯರ್ಥ. ಬ್ರೌಸರುಗಳು ಹೇಗೂ ಇದನ್ನು ತಾವೇ ಹತ್ತಿಕ್ಕುತ್ತವೆ: 2021ರ ಜನವರಿಯಲ್ಲಿ ಬಂದ ಕ್ರೋಮ್ 88ರಿಂದ, ಐದು ನಿಮಿಷಕ್ಕಿಂತ ಹೆಚ್ಚು ಮರೆಯಲ್ಲಿರುವ ಟ್ಯಾಬಿನ ಟೈಮರುಗಳು ಸಾಮಾನ್ಯವಾಗಿ ನಿಮಿಷಕ್ಕೊಮ್ಮೆ ಮಾತ್ರ ಎಚ್ಚರಗೊಳ್ಳುತ್ತವೆ, ಮೊಬೈಲಿನಲ್ಲಿ ಜೇಬಿಗೆ ಹೋದ ಪುಟ ಪೂರ್ತಿ ಹೆಪ್ಪುಗಟ್ಟುವುದೂ ಉಂಟು. ಸದಸ್ಯರು ಮೊಬೈಲನ್ನು ಜೇಬಿನಿಂದ ತೆಗೆದು ನೋಡಿದ ಆ ಕ್ಷಣವೇ ಅವರಿಗೆ ದರ ಬೇಕಿರುವ ಕ್ಷಣ. ವಿಸಿಬಿಲಿಟಿಚೇಂಜ್ ಎಂಬ ಘಟನೆ ಅದನ್ನು ತಿಳಿಸುತ್ತದೆ. ನಿದ್ದೆಯ ಪ್ರಾಮಿಸ್ ಗಡಿಯಾರದಿಂದಲೂ ಈಡೇರಬಹುದು, ಈ ಘಟನೆಯಿಂದಲೂ ಈಡೇರಬಹುದು, ಯಾವುದು ಮೊದಲೋ ಅದು ಎಂದು ಬರೆದ ನಾಲ್ಕು ಸಾಲು, ಇಡೀ ಹಂಗಾಮಿನಲ್ಲಿ ನಾನು ಬರೆದ ಅತ್ಯಂತ ಉಪಯುಕ್ತ ನಾಲ್ಕು ಸಾಲು ಎಂದು ಈಗಲೂ ಅನ್ನಿಸುತ್ತದೆ.

ಇನ್ನು ಡೇಟಾ ಉಳಿತಾಯ. ವಿಳಾಸದ ಬಾಲ ಕತ್ತರಿಸಿ, ಸರ್ವರ್ ಪ್ರತಿ ಉತ್ತರದೊಂದಿಗೆ ಪಟ್ಟಿಯ ಆವೃತ್ತಿಯನ್ನು ಇ-ಟ್ಯಾಗ್ ಆಗಿ ಕಳಿಸುವಂತೆ ಮಾಡಿದೆ, ಉಪಯೋಗಿಸುವ ಮುನ್ನ ಪ್ರತಿಸಲವೂ ವಿಚಾರಿಸು ಎಂಬರ್ಥದ ನೋ-ಕ್ಯಾಶ್ ಸೂಚನೆಯನ್ನೂ ಸೇರಿಸಿದೆ. ನೋ-ಕ್ಯಾಶ್ ಎಂದರೆ ಕ್ಯಾಶ್ ಮಾಡಬೇಡ ಎಂದಲ್ಲ, ಹಾಗೆ ಹೇಳಲು ನೋ-ಸ್ಟೋರ್ ಇದೆ. ಹೆಸರಿಟ್ಟವರು ಇದರಲ್ಲಿ ನಮಗೆ ಉಪಕಾರ ಮಾಡಲಿಲ್ಲ. ಈಗ ಬ್ರೌಸರ್ ಹಿಂದಿನ ಇ-ಟ್ಯಾಗ್ ಹೊತ್ತು ಹೋಗುತ್ತದೆ, ಏನೂ ಬದಲಾಗದಿದ್ದರೆ ಸರ್ವರ್ ಒಡಲಿಲ್ಲದ 304 (ಬದಲಾಗಿಲ್ಲ) ಕೊಡುತ್ತದೆ, ಬ್ರೌಸರ್ ತನ್ನ ಕ್ಯಾಶಿನಲ್ಲಿರುವ ಪಟ್ಟಿಯನ್ನು ಸ್ಕ್ರಿಪ್ಟಿಗೆ ಮಾಮೂಲಿ 200ರಂತೆಯೇ (ಎಲ್ಲ ಸರಿ ಎಂಬ ಉತ್ತರದಂತೆಯೇ) ಒಪ್ಪಿಸುತ್ತದೆ. ನೆಟ್‌ವರ್ಕ್ ಫಲಕದಲ್ಲಿ 304 ಕಾಣುತ್ತದೆ, ಕೋಡಿಗೆ 200 ಕಾಣುತ್ತದೆ; ಇದು ತಿಳಿಯದೆ ನಾನು ಒಂದು ಸಂಜೆಯನ್ನು ಕಳೆದೆ. ಸುತ್ತಿನ ಅಂತರವನ್ನು 5ರಿಂದ 20 ಸೆಕೆಂಡಿಗೆ ಏರಿಸಿದಾಗ ನಾಲ್ಕು ಗಂಟೆಗೆ 720 ಕೋರಿಕೆ, ಅದರಲ್ಲಿ ಪೂರ್ತಿ ಪಟ್ಟಿ ಹೊತ್ತು ಬರುವುದು ಹೆಚ್ಚೆಂದರೆ 60.

ಲಾಂಗ್ ಪೋಲಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೋರಿಕೆಯನ್ನು ಸರ್ವರ್ 25 ಸೆಕೆಂಡಿನವರೆಗೆ ಹಿಡಿದಿಟ್ಟುಕೊಂಡು, ಅಷ್ಟರಲ್ಲಿ ದರ ಬದಲಾದರೆ ಕೂಡಲೇ ಬಿಡುವುದು, ಇಲ್ಲವೇ ಖಾಲಿ ಕೈಯಲ್ಲಿ ಕಳಿಸುವುದು. ಪುಟದ ಕಡೆಯ ಕೋಡ್ ಅದೇ ಅವೇಟ್ ಸುತ್ತು, ನಿದ್ದೆ ಮಾತ್ರ ಇಲ್ಲ. ಎರಡು ದಿನ ತೊಂದರೆಯಿಲ್ಲದೆ ಓಡಿತು. ಆದರೆ ಎರಡು ಕೋರಿಕೆಗಳ ನಡುವಿನ ಸಂದಿಯಲ್ಲಿ ಬಂದ ಬದಲಾವಣೆ ಕಳೆದುಹೋಗದಂತೆ ಆವೃತ್ತಿ ಸಂಖ್ಯೆ ಕಳಿಸಬೇಕು, ಸರ್ವರಿನಲ್ಲಿ ಕಾಯುತ್ತಿರುವವರ ಪಟ್ಟಿ ಇಡಬೇಕು, ಬಿಟ್ಟು ಹೋದವರನ್ನು ಅದರಿಂದ ತೆಗೆಯಬೇಕು. ಇಷ್ಟೆಲ್ಲ ಕೈಯಿಂದ ಕಟ್ಟುವ ಬದಲು ಇದನ್ನೇ ಕಟ್ಟಿಟ್ಟಿರುವ ಎಸ್‌ಎಸ್‌ಇ ಬಳಸುವುದು ಲೇಸು ಎನ್ನಿಸಿತು.

ಎಸ್‌ಎಸ್‌ಇ ಎಂದರೆ ಸರ್ವರ್ ಸೆಂಟ್ ಈವೆಂಟ್ಸ್. ಪುಟದ ಕಡೆ ಈವೆಂಟ್‌ಸೋರ್ಸ್ ಎಂಬ ವಸ್ತುವಿಗೆ ವಿಳಾಸ ಕೊಟ್ಟರೆ ಸಾಕು. ಅದು ಮಾಮೂಲಿ ಎಚ್‌ಟಿಟಿಪಿ ಕೋರಿಕೆಯನ್ನೇ ಕಳಿಸುತ್ತದೆ, ಆದರೆ ಉತ್ತರ ಮುಗಿಯುವುದೇ ಇಲ್ಲ. ಸರ್ವರ್ ತನಗೆ ಹೇಳುವುದಿದ್ದಾಗಲೆಲ್ಲ ಅದೇ ಉತ್ತರಕ್ಕೆ ಇನ್ನೊಂದೆರಡು ಸಾಲು ಸೇರಿಸುತ್ತದೆ. ಸಾಲುಗಳು ಸರಳ ಪಠ್ಯ, ಕಡ್ಡಾಯವಾಗಿ ಯುಟಿಎಫ್-8, ಹೀಗಾಗಿ ಕನ್ನಡಕ್ಕೆ ಯಾವ ಅಡ್ಡಿಯೂ ಇಲ್ಲ. ಸಂದೇಶಕ್ಕೆ ಗುರುತಿನ ಸಂಖ್ಯೆ ಕೊಟ್ಟರೆ, ಸಂಪರ್ಕ ಕಡಿದು ಮತ್ತೆ ಕೂಡಿದಾಗ ಬ್ರೌಸರ್ ತಾನು ಕೊನೆಗೆ ಕಂಡ ಸಂಖ್ಯೆಯನ್ನು ಹೇಳುತ್ತದೆ, ಸರ್ವರ್ ಅಲ್ಲಿಂದ ಮುಂದಕ್ಕೆ ಕೊಡಬಹುದು. ಮತ್ತೆ ಕೂಡುವ ಕೆಲಸವನ್ನೂ ಬ್ರೌಸರೇ ಮಾಡುತ್ತದೆ. ಗುಮಾಸ್ತರು ಎಂಟರ್ ಒತ್ತಿದ್ದಕ್ಕೂ ಟಿವಿಯಲ್ಲಿ ಅಂಕಿ ಬದಲಾದದ್ದಕ್ಕೂ ನಡುವೆ ನನಗೆ ಅಂತರವೇ ಕಾಣಿಸಲಿಲ್ಲ.

ಆದರೆ ಈ ವೇಗ ಕಾಣಿಸಿದ್ದು ಎರಡನೆಯ ದಿನ. ಮೊದಲ ದಿನ ಟಿವಿ ಖಾಲಿ ಕುಳಿತಿತ್ತು, ಒಮ್ಮೊಮ್ಮೆ ಹತ್ತಾರು ದರಗಳು ಒಂದೇ ರಾಶಿಯಾಗಿ ಬಂದು ಬೀಳುತ್ತಿದ್ದವು. ನಮ್ಮ ಸರ್ವರಿನ ಮುಂದೆ ಎಂಜಿನ್‌ಎಕ್ಸ್ ಪ್ರಾಕ್ಸಿಯಾಗಿ ನಿಂತಿದೆ, ಹಿಂದಿನಿಂದ ಬಂದ ಉತ್ತರವನ್ನು ಬಫರಿನಲ್ಲಿ ಕೂಡಿಟ್ಟು ಕಳಿಸುವುದು ಅದರ ಪೂರ್ವನಿಯೋಜಿತ ನಡವಳಿಕೆ. ಉಳಿದ ಪುಟಗಳಿಗೆ ಅದು ಒಳ್ಳೆಯದೇ. ಎಸ್‌ಎಸ್‌ಇಗೆ ಮಾತ್ರ, ಎಕ್ಸ್-ಆಕ್ಸೆಲ್-ಬಫರಿಂಗ್ ಎಂಬ ಹೆಡರಿನಲ್ಲಿ ನೋ ಎಂದು ಹೇಳಿ ತಡೆಯಬೇಕು. ಅದಾದ ಮೇಲೆ, ಟೆಂಡರ್ ನಿಂತ ಊಟದ ಹೊತ್ತಿನಲ್ಲಿ ಸಂಪರ್ಕ ನಿಮಿಷಕ್ಕೊಮ್ಮೆ ಕಡಿಯತೊಡಗಿತು: 60 ಸೆಕೆಂಡ್ ಹಿಂದಿನಿಂದ ಏನೂ ಬಾರದಿದ್ದರೆ ಪ್ರಾಕ್ಸಿ ಸಂಪರ್ಕವನ್ನು ಮುಚ್ಚುತ್ತದೆ. 15 ಸೆಕೆಂಡಿಗೊಮ್ಮೆ ಕೋಲನ್ ಚಿಹ್ನೆಯಿಂದ ಶುರುವಾಗುವ ಟಿಪ್ಪಣಿ ಸಾಲೊಂದನ್ನು ಕಳಿಸುವುದು ಇದಕ್ಕೆ ಪರಿಹಾರ. ಆಮೇಲೆ ಕಚೇರಿಯ ಕಂಪ್ಯೂಟರಿನಲ್ಲಿ ಏಳನೆಯ ಟ್ಯಾಬ್ ತೆರೆದುಕೊಳ್ಳದೆ ತಿರುಗುತ್ತಲೇ ಇತ್ತು, ಏಕೆಂದರೆ ಎಚ್‌ಟಿಟಿಪಿ 1.1ರಲ್ಲಿ ಬ್ರೌಸರ್ ಒಂದು ಸರ್ವರಿಗೆ ಆರಕ್ಕಿಂತ ಹೆಚ್ಚು ಸಂಪರ್ಕ ಇಟ್ಟುಕೊಳ್ಳುವುದಿಲ್ಲ, ಆರು ಟ್ಯಾಬುಗಳ ಆರು ಎಸ್‌ಎಸ್‌ಇಗಳು ಎಲ್ಲವನ್ನೂ ಹಿಡಿದುಕೊಂಡಿದ್ದವು. ಒಬ್ಬರೇ ಒಂದೇ ಪುಟವನ್ನು ಏಳು ಟ್ಯಾಬುಗಳಲ್ಲಿ ಏಕೆ ತೆರೆದಿಡುತ್ತಾರೆ ಎಂದು ಗುಮಾಸ್ತರನ್ನು ಕೇಳುವ ಧೈರ್ಯ ನನಗಾಗಲಿಲ್ಲ. ಎಚ್‌ಟಿಟಿಪಿ 2 ಹಾಕಿದೆ, ಅದರಲ್ಲಿ ಒಂದೇ ಸಂಪರ್ಕದೊಳಗೆ ಸಾಮಾನ್ಯವಾಗಿ ನೂರು ಹರಿವುಗಳಿಗೆ ಜಾಗವಿದೆ.

ಇವೆಲ್ಲ ಒಮ್ಮೆ ಸರಿಪಡಿಸಿದರೆ ಮುಗಿಯುವ ಕೆಲಸಗಳು. ನಿಜವಾಗಿ ಕಾಡಿದ್ದು ಎರಡು ಸಂಗತಿಗಳು. ಮೊದಲನೆಯದು, ತಾನಾಗಿ ಮತ್ತೆ ಕೂಡುತ್ತದೆ ಎಂಬ ಭರವಸೆಗಿರುವ ಷರತ್ತು. ಸಂಪರ್ಕ ಕಡಿದರೆ ಈವೆಂಟ್‌ಸೋರ್ಸ್ ಮತ್ತೆ ಯತ್ನಿಸುತ್ತದೆ ನಿಜ, ಆದರೆ ಸರ್ವರ್ 200 ಅಲ್ಲದ ಉತ್ತರ ಕೊಟ್ಟರೆ ಅದು ಕೈತೊಳೆದುಕೊಂಡು ಶಾಶ್ವತವಾಗಿ ಮುಚ್ಚಿಕೊಳ್ಳುತ್ತದೆ. ಸರ್ವರ್ ಮರುಪ್ರಾರಂಭದ ಆ ಎರಡು ಸೆಕೆಂಡಿನ 502 ಇಲ್ಲಿಯೂ ಅದೇ ಪಾತ್ರ ವಹಿಸಿತು. ದೋಷದ ಘಟನೆ ಬಂದಾಗ ಸ್ಥಿತಿಯನ್ನು ಪರೀಕ್ಷಿಸಿ, ಮುಚ್ಚಿಕೊಂಡಿದ್ದರೆ ಸ್ವಲ್ಪ ಕಾದು ಹೊಸ ಈವೆಂಟ್‌ಸೋರ್ಸ್ ಹುಟ್ಟಿಸುವ ಕೋಡ್ ನಾನೇ ಬರೆಯಬೇಕಾಯಿತು. ಎರಡನೆಯದು ಮೊಬೈಲಿಗೆ ಸಂಬಂಧಿಸಿದ್ದು. ಘಾಟಿಯ ತಿರುವಿನಲ್ಲಿ ಸಿಗ್ನಲ್ ಹೋದಾಗ ಸಂಪರ್ಕ ಅಚ್ಚುಕಟ್ಟಾಗಿ ಕಡಿಯುವುದಿಲ್ಲ, ಎರಡೂ ತುದಿಯವರು ಇನ್ನೊಬ್ಬರು ಇದ್ದಾರೆಂದೇ ನಂಬಿಕೊಂಡಿರುತ್ತಾರೆ. ಈವೆಂಟ್‌ಸೋರ್ಸ್ ತಾನು ತೆರೆದಿದ್ದೇನೆ ಎಂದೇ ಹೇಳುತ್ತಿರುತ್ತದೆ, ದರ ಮಾತ್ರ ಬರುವುದಿಲ್ಲ. ನಾನು ಕಳಿಸುತ್ತಿದ್ದ ಟಿಪ್ಪಣಿ ಸಾಲುಗಳನ್ನು ಬ್ರೌಸರ್ ನುಂಗಿಬಿಡುತ್ತದೆ, ಸ್ಕ್ರಿಪ್ಟಿಗೆ ಅವು ತಲುಪುವುದಿಲ್ಲ, ಆದ್ದರಿಂದ ಅವು ಬರುತ್ತಿಲ್ಲ ಎನ್ನುವುದೂ ಸ್ಕ್ರಿಪ್ಟಿಗೆ ಗೊತ್ತಾಗುವುದಿಲ್ಲ. ಕೊನೆಗೆ ಟಿಪ್ಪಣಿಯ ಬದಲು ನಾಡಿ ಎಂಬ ಹೆಸರಿನ ನಿಜವಾದ ಸಂದೇಶ ಕಳಿಸಿ, 40 ಸೆಕೆಂಡ್ ಅದು ಕಾಣದಿದ್ದರೆ ಹಳೆಯ ಸಂಪರ್ಕ ಮುಚ್ಚಿ ಹೊಸದನ್ನು ತೆರೆಯುವಂತೆ ಮಾಡಿದೆ.

ವೆಬ್‌ಸಾಕೆಟ್ ಅನ್ನು ಪರೀಕ್ಷಿಸದೆ ಬಿಟ್ಟರೆ ಹೋಲಿಕೆ ಅಪೂರ್ಣವೆಂದು ಅದನ್ನೂ ಮೂರು ಟೆಂಡರ್ ದಿನ ಓಡಿಸಿದೆ. ಇದರ ನಿಯಮಾವಳಿ ಆರ್‌ಎಫ್‌ಸಿ 6455, 2011ರ ಡಿಸೆಂಬರಿನದು. ಎಚ್‌ಟಿಟಿಪಿಯಿಂದ ಶುರುವಾಗಿ, ಅಪ್‌ಗ್ರೇಡ್ ಎಂಬ ಹೆಡರಿನ ಮೂಲಕ ಬೇರೆಯೇ ಮಾತುಕತೆಗೆ ಹೊರಳಿಕೊಳ್ಳುತ್ತದೆ, ಆ ಬಳಿಕ ಎರಡೂ ಕಡೆಯವರು ಯಾವಾಗ ಬೇಕಾದರೂ ಮಾತಾಡಬಹುದು. ವೇಗದಲ್ಲಿ ಎಸ್‌ಎಸ್‌ಇಗೂ ಇದಕ್ಕೂ ನನಗೆ ವ್ಯತ್ಯಾಸ ಕಾಣಲಿಲ್ಲ, ಕಾಣಬೇಕಾದ ಕಾರಣವೂ ಇರಲಿಲ್ಲ. ಕೆಲಸದಲ್ಲಿ ವ್ಯತ್ಯಾಸ ಬಹಳ ಇತ್ತು. ಮತ್ತೆ ಕೂಡುವುದು, ಕಾಯುವ ಅಂತರವನ್ನು ಬೆಳೆಸುವುದು, ತಪ್ಪಿಹೋದ ದರಗಳನ್ನು ಕೇಳಿ ಪಡೆಯುವುದು, ಎಲ್ಲವೂ ನನ್ನ ಪಾಲಿಗೆ ಬಂದವು. ಸಂಪರ್ಕ ಜೀವಂತವಾಗಿದೆಯೇ ಎಂದು ನೋಡಲು ನಿಯಮಾವಳಿಯಲ್ಲಿ ಪಿಂಗ್ ಮತ್ತು ಪಾಂಗ್ ಇವೆ, ಆದರೆ ಬ್ರೌಸರಿನ ಜಾವಾಸ್ಕ್ರಿಪ್ಟಿನಿಂದ ಪಿಂಗ್ ಕಳಿಸುವ ದಾರಿಯಿಲ್ಲ, ಬಂದದ್ದನ್ನು ನೋಡುವ ದಾರಿಯೂ ಇಲ್ಲ. ಇಲ್ಲಿಯೂ ನಾಡಿಯನ್ನು ನಾನೇ ಹುಟ್ಟಿಸಬೇಕಾಯಿತು. ಇ-ಟ್ಯಾಗ್, ಕ್ಯಾಶ್, ಸ್ಟೇಟಸ್ ಕೋಡುಗಳ ನೆರವೆಲ್ಲ ಈ ಮಾತುಕತೆಯ ಹೊರಗೆ ಉಳಿದವು. ಇಷ್ಟೆಲ್ಲ ಮಾಡಿದ ಮೇಲೂ ಸದಸ್ಯರ ಮೊಬೈಲಿನಿಂದ ಸರ್ವರಿಗೆ ಹೋಗಬೇಕಾದ ಮಾತು ಒಂದೂ ಇರಲಿಲ್ಲ. ನಾಳೆ ಸಂಘದವರು ಖರೀದಿದಾರರಿಗೆ ಮೊಬೈಲಿನಲ್ಲೇ ಬಿಡ್ ಹಾಕುವ ವ್ಯವಸ್ಥೆ ಬೇಕೆಂದರೆ ಮೊದಲು ಕೈಹಾಕುವುದು ವೆಬ್‌ಸಾಕೆಟ್‌ಗೇ. ಏಕಮುಖ ದರಪಟ್ಟಿಗೆ ಅದು ಮೊಳಕೆ ಕತ್ತರಿಸಲು ಕೊಡಲಿ ತಂದಂತೆ.

ಗುಮಾಸ್ತರು ದರ ಏರಿಸುವ ಒಳಪುಟ ರಿಯಾಕ್ಟ್ ಎಂಬ ಜಾವಾಸ್ಕ್ರಿಪ್ಟ್ ಗ್ರಂಥಾಲಯದಲ್ಲಿದೆ (ಸಿದ್ಧ ಕೋಡಿನ ಕಟ್ಟಿನಲ್ಲಿದೆ). ಅಲ್ಲಿ ಮಾತ್ರ ಸ್ವಂತ ಸುತ್ತಿನ ಬದಲು ಟ್ಯಾನ್‌ಸ್ಟ್ಯಾಕ್ ಕ್ವೆರಿ ಗ್ರಂಥಾಲಯವನ್ನು ಬಳಸಿ ನೋಡಿದೆ. ಅಂತರ ಎಷ್ಟೆಂದು ಒಂದು ಸಾಲು ಬರೆದರೆ ಅವೇಟ್ ಸುತ್ತಿಗಾಗಿ ನಾನು ಪಟ್ಟ ಪಾಡೆಲ್ಲ ಅದರೊಳಗೆ ಸಿದ್ಧವಾಗಿರುತ್ತದೆ: ವಿಫಲವಾದರೆ ಮೂರು ಸಲ ಮರುಯತ್ನ, ಕಿಟಕಿಗೆ ಮರಳಿದಾಗ ಹೊಸದಾಗಿ ತರುವುದು, ಟ್ಯಾಬ್ ಮರೆಯಲ್ಲಿದ್ದಾಗ ಸುಮ್ಮನಿರುವುದು. ಹಳೆಯದನ್ನು ತೋರಿಸುತ್ತಲೇ ಹಿನ್ನೆಲೆಯಲ್ಲಿ ಹೊಸದನ್ನು ತರುವ ಈ ರೀತಿಗೆ 2010ರ ಆರ್‌ಎಫ್‌ಸಿ 5861ರಲ್ಲೇ ಸ್ಟೇಲ್-ವೈಲ್-ರೀವ್ಯಾಲಿಡೇಟ್ ಎಂಬ ಹೆಸರಿದೆ, ಎಸ್‌ಡಬ್ಲ್ಯುಆರ್ ಎಂಬ ಇನ್ನೊಂದು ಗ್ರಂಥಾಲಯ ತನ್ನ ಹೆಸರನ್ನು ಪಡೆದದ್ದು ಆ ಮಾತಿನಿಂದ. ರಿಯಾಕ್ಟ್ ಈಗಾಗಲೇ ಇರುವಲ್ಲಿ ಕೈಯಿಂದ ಸುತ್ತು ಬರೆಯುವುದು ಹಟ ಎಂದೇ ಹೇಳುತ್ತೇನೆ. ಆದರೆ ಹನ್ನೆರಡು ಸಾಲಿನ ಕೋಷ್ಟಕವಿರುವ ಸಾರ್ವಜನಿಕ ಪುಟಕ್ಕೆ ಇದಕ್ಕಾಗಿಯೇ ರಿಯಾಕ್ಟ್ ತಂದಿದ್ದರೆ, ಹೊರೆ ಹೊತ್ತ ಚೀಲವೇ ಅಡಿಕೆಗಿಂತ ಭಾರವಾಗುತ್ತಿತ್ತು.

ಬಂದ ಮಾಹಿತಿಯನ್ನು ಪರದೆಗೆ ಹಾಕುವ ಕೆಲಸ ಎಲ್ಲ ದಾರಿಗಳಿಗೂ ಒಂದೇ. ಇಡೀ ಕೋಷ್ಟಕವನ್ನು ಅಳಿಸಿ ಬರೆಯುವ ಬದಲು ಬದಲಾದ ಕೋಶದ ಪಠ್ಯವನ್ನು ಮಾತ್ರ ಬದಲಿಸಿದರೆ ಬೆರಳಿಟ್ಟು ಓದುತ್ತಿರುವವರಿಗೆ ತೊಂದರೆಯಾಗುವುದಿಲ್ಲ. ಬದಲಾದ ಸಾಲನ್ನು ಎರಡು ಸೆಕೆಂಡ್ ತಿಳಿಹಳದಿಯಲ್ಲಿ ತೋರಿಸುತ್ತೇನೆ. ಅಂಕಿಗಳಿಗೆ ಅಲ್ಪವಿರಾಮ ಹಾಕಲು ಬ್ರೌಸರಿನ ನಂಬರ್‌ಫಾರ್ಮ್ಯಾಟ್‌ಗೆ ಕನ್ನಡ ಭಾಷೆಯ ಸಂಕೇತ ಕೊಟ್ಟರೂ ಅದು 1, 2, 3 ಎಂದೇ ಬರೆಯುತ್ತದೆ. ಕನ್ನಡ ಅಂಕಿಗಳೇ ಬೇಕಿದ್ದರೆ ಪ್ರತ್ಯೇಕವಾಗಿ ಕೇಳಬೇಕು. ಕನ್ನಡ ಅಂಕಿಗಳನ್ನು ಒಂದು ದಿನ ಹಾಕಿ ನೋಡಿದೆ. ಹಿರಿಯ ಸದಸ್ಯರಿಗೆ ಸಂತೋಷವಾಯಿತು, ಅವರ ಮಕ್ಕಳು ಮರುದಿನ ಬೆಳಿಗ್ಗೆಯೇ ತೆಗೆಸಿದರು.

ಈಗ ಪಡಸಾಲೆಯ ಟಿವಿಗೆ ಎಸ್‌ಎಸ್‌ಇ, ಸದಸ್ಯರ ಮೊಬೈಲಿಗೆ 20 ಸೆಕೆಂಡಿನ ಅವೇಟ್ ಸುತ್ತು. ಒಂದೇ ಪುಟಕ್ಕೆ ಎರಡು ವಿಧಾನ ಏಕೆ ಎಂದು ನನ್ನೊಂದಿಗೆ ಕೆಲಸ ಮಾಡುವ ಗೆಳೆಯ ಇಂದಿಗೂ ಕೇಳುತ್ತಾನೆ, ಎರಡನ್ನೂ ಕಾಪಾಡುವ ಹೊರೆ ಅವನ ಮೇಲೂ ಇರುವುದರಿಂದ ಆ ಪ್ರಶ್ನೆಯಲ್ಲಿ ಹುರುಳಿದೆ. ಟಿವಿಯ ಮುಂದೆ ನಿಂತವರು ತಮ್ಮ ಲಾಟಿನ ದರಕ್ಕಾಗಿ ಕತ್ತೆತ್ತಿ ಕಾಯುತ್ತಿರುತ್ತಾರೆ, ಪಕ್ಕದ ಕೋಣೆಯಲ್ಲಿ ಕೂಗಿದ ದರ ಪರದೆಗೆ ಬರಲು 20 ಸೆಕೆಂಡ್ ಹಿಡಿದರೆ ಗದ್ದಲವಾಗುತ್ತದೆ; ಅಲ್ಲಿನ ವೈರ್ ಸಂಪರ್ಕ ಕಡಿಯುವುದೂ ಅಪರೂಪ. ತೋಟದಲ್ಲಿರುವವರಿಗೆ 20 ಸೆಕೆಂಡ್ ಏನೂ ಅಲ್ಲ, ಅವರು ಪುಟವನ್ನು ಅರೆನಿಮಿಷ ನೋಡಿ ಜೇಬಿಗೆ ಹಾಕುತ್ತಾರೆ. ಹೀಗೆ ಅರೆನಿಮಿಷ ಬಾಳುವ ಭೇಟಿಗೆ ಸದಾ ತೆರೆದ ಸಂಪರ್ಕವನ್ನು ಕಟ್ಟಿ, ಅದು ಸತ್ತಿದೆಯೇ ಬದುಕಿದೆಯೇ ಎಂದು ನಾಡಿ ಹಿಡಿಯುತ್ತ ಕೂರುವುದಕ್ಕಿಂತ, ಕಣ್ಣು ಬಿದ್ದಾಗಲೊಮ್ಮೆ ಹೋಗಿ ಕೇಳಿ ಬರುವ ಸುತ್ತೇ ಹೊಂದುತ್ತದೆ.

ಎರಡೂ ಕಡೆ ಕೋಷ್ಟಕದ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿದೆ: ಕೊನೆಯ ಬಾರಿ ಸರ್ವರಿನೊಂದಿಗೆ ಮಾತಾಡಿದ ಸಮಯ. ದರ ಬದಲಾದ ಸಮಯವಲ್ಲ, ಬದಲಾಗಿಲ್ಲ ಎಂದಾದರೂ ಖಚಿತವಾದ ಸಮಯ. 304 ಬಂದರೂ ನಾಡಿ ಬಂದರೂ ಅದು ಮುಂದೆ ಸರಿಯುತ್ತದೆ. ಅದು ಒಂದು ನಿಮಿಷ ಹಿಂದೆ ಬಿದ್ದರೆ ಅಂಕಿಗಳೆಲ್ಲ ಬೂದುಬಣ್ಣಕ್ಕೆ ತಿರುಗುತ್ತವೆ. ಕಳೆದ ವಾರ ಅದೇ ಸದಸ್ಯರು ಮತ್ತೆ ಕರೆ ಮಾಡಿದ್ದರು, ದರ ಬೂದಿಯಾಗಿದೆ, ನಿಮ್ಮ ಸರ್ವರ್ ಮಲಗಿದೆಯೋ ನಮ್ಮೂರಿನ ಟವರ್ ಮಲಗಿದೆಯೋ ಎಂದು. ಟವರ್ ಮಲಗಿತ್ತು, ಅವರು ಮನೆಯ ಸ್ಥಿರ ದೂರವಾಣಿಯಿಂದ ಮಾತಾಡುತ್ತಿದ್ದರು. ಚಾಲಿಯ ದರವನ್ನು ಬಾಯಲ್ಲೇ ಹೇಳಿದೆ.